ನೈಂಟಿಗೆ ಎರಡು ಗಂಟೆ ಪಾಠ

ನಾನು ಮೆಸ್ಕಾಲ್ ಅಂದದ್ದು ಅಮ್ಮನಿಗೆ ಮೆಸ್ಕಾಂ ಅಂತ ಕೇಳಿಸಿತು. "ಕರೆಂಟಿನವರ ಹತ್ರ ನಿನಗೇನೇ ಕೆಲಸ, ಅದೂ ಅಮೆರಿಕದಿಂದ?" ಅಂದರು. ತಪ್ಪು ಅವರದಲ್ಲ. ಕಡೂರಿನಲ್ಲಿ ಕೂತು, ಮಿಕ್ಸಿ ಓಡುತ್ತಿರುವಾಗ ವಾಟ್ಸಾಪ್ ಕಾಲ್ ಕೇಳಿಸಿಕೊಂಡರೆ ಯಾರಿಗಾದರೂ ಹಾಗೇ ಕೇಳಿಸುತ್ತದೆ. ನಾನೂ ಬಿಡಿಸಿ ಹೇಳಲು ಹೋಗಲಿಲ್ಲ. ಮೆಕ್ಸಿಕೋದಲ್ಲಿ ಕತ್ತಾಳೆ ತೋಟ ನೋಡೋಕೆ ಹೋಗ್ತಾ ಇದ್ದೀವಿ ಅಂದೆ. ಸುಳ್ಳೇನಲ್ಲ, ತೋಟವನ್ನೂ ನೋಡುತ್ತೇವೆ. ಅದನ್ನು ಭಟ್ಟಿ ಇಳಿಸಿ ಮಾಡುವ ಮೆಸ್ಕಾಲ್ ಅನ್ನುವ ಮದ್ಯವನ್ನು ಕುಡಿಯುತ್ತೇವೆ ಅನ್ನುವುದು ಮಾತ್ರ ಮಿಕ್ಸಿ ಸದ್ದಿನಲ್ಲಿ ಬಿಟ್ಟುಹೋಯಿತು.

"ಕತ್ತಾಳೆ ನೋಡೋಕೆ ವಿಮಾನ ಹತ್ತಬೇಕಾ? ತೋಟದ ಬೇಲಿ ತುಂಬಾ ಅದೇ ಇದೆಯಲ್ಲೇ" ಅಂದರು ಅಮ್ಮ.

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ನಮ್ಮ ಕಡೆ ಕತ್ತಾಳೆ ಅಂದರೆ ಗಿಡ ಅಂತ ಯಾರೂ ಅಂದುಕೊಳ್ಳುವುದೇ ಇಲ್ಲ, ಅದು ಬೇಲಿ. ದನ ಒಳಗೆ ಬರಬಾರದು, ಅಷ್ಟೇ ಅದರ ಕೆಲಸ. ನೀರು ಹಾಕುವವರಿಲ್ಲ, ಗೊಬ್ಬರ ಹಾಕುವವರಿಲ್ಲ, ಮಳೆ ಬರದಿದ್ದರೂ ಅದಕ್ಕೆ ಬೇಜಾರಿಲ್ಲ. ತಾತ ಇದ್ದಾಗ ಅದರ ಪಟ್ಟೆ, ಅಂದರೆ ಉದ್ದನೆಯ ದಪ್ಪ ಎಲೆ, ಕುಯ್ಯಿಸಿ ಕಟ್ಟೆಯ ನೀರಿನಲ್ಲಿ ಕೊಳೆ ಹಾಕಿಸುತ್ತಿದ್ದರು. ಆ ದಿನಗಳಲ್ಲಿ ಗಾಳಿ ನಮ್ಮ ಮನೆ ಕಡೆಗೆ ಬೀಸಿತು ಅಂದರೆ ಊಟ ಸೇರುತ್ತಿರಲಿಲ್ಲ. ಆಮೇಲೆ ಜಜ್ಜಿ, ನಾರು ತೆಗೆದು, ಒಣಗಿಸಿ ಹಗ್ಗ ಹೊಸೆಯುವುದು. ನಾನು ಒಂದು ಬೇಸಿಗೆ ರಜೆಯಲ್ಲಿ ಜಾಣೆ ಅನ್ನಿಸಿಕೊಳ್ಳೋಣ ಅಂತ, ಇನ್ನೂ ಕೊಳೆಯದ ಹಸಿ ಪಟ್ಟೆಯನ್ನೇ ಕಲ್ಲಿನ ಮೇಲಿಟ್ಟು ಜಜ್ಜಿದೆ. ರಸ ಸಿಡಿದು ಮೊಣಕೈವರೆಗೆ ದದ್ದು. ಎರಡು ದಿನ ಕೊಬ್ಬರಿ ಎಣ್ಣೆ ಹಚ್ಚಿಕೊಂಡು, ತುರಿಸಬೇಡ ಅಂತ ಬೈಸಿಕೊಂಡು ತುರಿಸಿದ್ದೇ ತುರಿಸಿದ್ದು. ಕತ್ತಾಳೆಯಿಂದ ನಮಗಿದ್ದ ಒಂದೇ ಖುಷಿ ಅಂದರೆ ಅದರ ತುದಿಯ ಮುಳ್ಳನ್ನು ಮುರಿದು, ಅದರಲ್ಲೇ ಅದರ ಪಟ್ಟೆಯ ಮೇಲೆ ಹೆಸರು ಕೊರೆಯುವುದು. ಪಟ್ಟೆ ಇರುವವರೆಗೂ ಹೆಸರು ಇರುತ್ತಿತ್ತು.

ಇಂಥ ಗಿಡದಿಂದ ಕುಡಿಯೋಕೆ ಏನಾದರೂ ಬರುತ್ತದೆ ಅಂತ ಗೊತ್ತಾಗಿದ್ದು ಹ್ಯೂಸ್ಟನ್ನಿಗೆ ಬಂದ ಮೇಲೆ. ಟಕೀಲಾ ಹೆಸರು ಮೊದಲೇ ಕೇಳಿದ್ದೆ, ಅದು ಕಳ್ಳಿ ಜಾತಿಯದು ಅಂತ ಯಾರೋ ಹೇಳಿದ್ದನ್ನು ನಂಬಿಯೂ ಇದ್ದೆ. ಕಳ್ಳಿ ಅಲ್ಲ, ಕತ್ತಾಳೆ. ಯಜಮಾನರ ಗೆಳೆಯರೊಬ್ಬರ ಮನೆಯಲ್ಲಿ ಒಂದು ಸಂಜೆ ಮೆಸ್ಕಾಲ್ ಬಾಟಲಿ ತೆಗೆದರು. ನಾನು ಸುಮ್ನೆ ಮೂಸಿ ನೋಡಿದೆ. ಬಚ್ಚಲ ಒಲೆ! ತೆಂಗಿನ ಗರಿ, ಮಟ್ಟೆ ಹಾಕಿ ಹಂಡೆ ಕಾಯಿಸುವಾಗ ಬರುವ ಹೊಗೆ, ಅದೇ. ಎಣ್ಣೆ ಹಚ್ಚಿಕೊಂಡು ಸ್ನಾನಕ್ಕೆ ಕಾಯುವ ದೀಪಾವಳಿ ಬೆಳಗ್ಗೆ ಒಂದು ಪುಟ್ಟ ಲೋಟದಲ್ಲಿ ಇತ್ತು. ಕುಡಿದರೆ ಗಂಟಲು ಉರಿಯಿತು ಅನ್ನುವುದು ಬೇರೆ ಮಾತು. ಅಲ್ಲಿಂದ ನನ್ನ ತಲೆಯಲ್ಲಿ ಹೊಕ್ಕಿತು, ಇದನ್ನು ಮಾಡುವ ಜಾಗ ನೋಡಬೇಕು.

ಜಾಗದ ಹೆಸರಲ್ಲೇ ಮೊದಲ ಜಗಳ. ಯಜಮಾನರು ಇಂಗ್ಲಿಷ್ ಅಕ್ಷರ ನೋಡಿ ಓಕ್ಸಾಕಾ ಅಂದರು. ಅದು ವಹಾಕ. ಮೆಕ್ಸಿಕೋದ ದಕ್ಷಿಣದ ಗುಡ್ಡಗಾಡು ರಾಜ್ಯ, ಮೆಸ್ಕಾಲಿನ ಬಹುಪಾಲು ಬರುವುದು ಅಲ್ಲಿಂದಲೇ. ಹ್ಯೂಸ್ಟನ್ನಿನಿಂದ ನೇರ ವಿಮಾನ ಇದೆ, ಮೂರು ಗಂಟೆಯೂ ಬೇಡ. ಅಮೆರಿಕದ ವೀಸಾ ಚಾಲ್ತಿಯಲ್ಲಿದ್ದರೆ ಮೆಕ್ಸಿಕೋಗೆ ಬೇರೆ ವೀಸಾನೂ ಬೇಡ. ಇಷ್ಟು ಸಲೀಸಾದ ಪ್ರಯಾಣಕ್ಕೆ ಎಕ್ಸೆಲ್ ಶೀಟ್ ಯಾಕೆ ಬೇಕು ಅಂತ ಕೇಳಬೇಡಿ. ನಮ್ಮ ಮನೆಯಲ್ಲಿ ತರಕಾರಿಗೂ ಎಕ್ಸೆಲ್ ಶೀಟೇ.

ಅದರ ಮೊದಲ ಸಾಲಿನಲ್ಲೇ ಅವರು ಲೆಕ್ಕ ಹಾಕಿದರು. ಗೈಡ್ ಜೊತೆ ಕೂತು ರುಚಿ ನೋಡುವ ಕಾರ್ಯಕ್ರಮ, ಎರಡು ಗಂಟೆ, ಆರು ಬಗೆ, ಒಂದೊಂದು ಸುಮಾರು 15 ಮಿಲಿ. ಆರು ಹದಿನೈದಲೆ ತೊಂಬತ್ತು. "ಅಂದ್ರೆ ನೈಂಟಿ!" ಅಂತ ನಕ್ಕರು. ಕಡೂರು ಬಸ್ ಸ್ಟ್ಯಾಂಡ್ ಹತ್ತಿರದ ಬಾರಿನಲ್ಲಿ ನಿಂತಲ್ಲೇ ಎರಡು ನಿಮಿಷದಲ್ಲಿ ಮುಗಿಯುವ ನೈಂಟಿಗೆ ಇಲ್ಲಿ ಎರಡು ಗಂಟೆ, ಅದರ ಜೊತೆ ಪಾಠ, ಕೊನೆಗೆ ಪ್ರಶ್ನೋತ್ತರ. ಆದರೆ ಲೆಕ್ಕ ಅಲ್ಲಿಗೇ ನಿಲ್ಲಲ್ಲ. ನಮ್ಮ ಕಡೆ ಬಾಟಲಿಯಲ್ಲಿ ಇರುವುದು ಸಾಮಾನ್ಯವಾಗಿ ಶೇಕಡಾ 42.8, ಇಲ್ಲಿಯದು 45, 48, ಕೆಲವೊಮ್ಮೆ 50 ದಾಟುತ್ತದೆ. ಮೆಕ್ಸಿಕೋದ ನಿಯಮ 55ರವರೆಗೂ ಬಿಡುತ್ತದೆ. ಹಾಗಾಗಿ ಖಾಲಿ ಹೊಟ್ಟೆಯಲ್ಲಿ ಹೋಗಬಾರದು, ಬಾಡಿಗೆ ಕಾರು ತೆಗೆದುಕೊಳ್ಳಬಾರದು. ಎರಡನೆಯದಕ್ಕೆ ಅವರು ಒಪ್ಪಲು ಮೂರು ದಿನ ಬೇಕಾಯಿತು. ಅಲ್ಲಿನ ರಸ್ತೆಗಳಲ್ಲಿ ಬೋರ್ಡಿಲ್ಲದೆ, ಬಣ್ಣವಿಲ್ಲದೆ ಧಿಡೀರನೆ ಎದುರಾಗುವ ಹಂಪ್‌ಗಳ ಫೋಟೋ ತೋರಿಸಿದೆ. ಊರಿನ ನೆನಪಾಯಿತೋ ಏನೋ, ಸುಮ್ಮನಾದರು.

ಆಮೇಲೆ ಎಲ್ಲಿ ಅನ್ನುವ ಪ್ರಶ್ನೆ. ವಹಾಕ ಪಟ್ಟಣದೊಳಗೇ ಚೆಂದದ ಮೆಸ್ಕಾಲ್ ಅಂಗಡಿಗಳಿವೆ. ತಂಪಾದ ಕೋಣೆ, ಮರದ ಮೇಜು, ಇಂಗ್ಲಿಷ್ ಮಾತಾಡುವ ಗೈಡು. ನಡೆದೇ ಹೋಟೆಲಿಗೆ ವಾಪಸ್ ಬರಬಹುದು. ಇನ್ನೊಂದು ದಾರಿ, ಮಾಡುವ ಜಾಗಕ್ಕೇ ಹೋಗುವುದು. ಅದಕ್ಕೆ ಪಲೆಂಕೆ ಅನ್ನುತ್ತಾರೆ. ಪಟ್ಟಣದಿಂದ ಸುಮಾರು 50 ಕಿಲೋಮೀಟರ್ ದೂರದ ಸಾಂತಿಯಾಗೋ ಮಾತಾತ್ಲಾನ್ ಅನ್ನುವ ಊರು ತನ್ನನ್ನು ತಾನೇ ಮೆಸ್ಕಾಲಿನ ವಿಶ್ವ ರಾಜಧಾನಿ ಅಂತ ಕರೆದುಕೊಂಡಿದೆ. ನನಗೆ ಅಲ್ಲಿಗೇ ಹೋಗಬೇಕು. ಆಲೆಮನೆ ನೋಡದೆ ಅಂಗಡಿಯಲ್ಲಿ ಬೆಲ್ಲದ ಅಚ್ಚು ನೋಡಿ ಬಂದರೆ ಏನು ಬಂತು, ಅಲ್ವಾ?

ಓದುತ್ತಾ ಹೋದರೆ ನಿಜಕ್ಕೂ ಅದು ಆಲೆಮನೆಯೇ. ಪಟ್ಟೆಗಳನ್ನೆಲ್ಲ ಕಡಿದು ಹಾಕಿ ನಡುವಿನ ಗಡ್ಡೆ ತೆಗೆಯುತ್ತಾರೆ. ನಾವು ಬಳಸುವುದು ಪಟ್ಟೆ, ಅವರಿಗೆ ಪಟ್ಟೆಯೇ ಬೇಡ! ಆ ಗಡ್ಡೆ ನೋಡಲು ದೊಡ್ಡ ಅನಾನಸ್ ಹಣ್ಣಿನ ಹಾಗಿರುತ್ತದೆ, ಅವರು ಕರೆಯುವುದೂ ಪಿನ್ಯಾ, ಅನಾನಸ್ ಅಂತಲೇ. ನೆಲದಲ್ಲಿ ತೋಡಿದ ಗುಂಡಿಯಲ್ಲಿ ಸೌದೆ ಉರಿಸಿ, ಕಲ್ಲು ಕೆಂಪಗೆ ಕಾಯಿಸಿ, ಗಡ್ಡೆಗಳನ್ನು ರಾಶಿ ಹಾಕಿ, ಮೇಲೆ ಸಿಪ್ಪೆ, ಚಾಪೆ, ಮಣ್ಣು ಮುಚ್ಚಿ ಮೂರು ನಾಲ್ಕು ದಿನ ಬಿಡುತ್ತಾರೆ. ನಾನು ಮೂಸಿದ ಹೊಗೆ ಇಲ್ಲಿಯದು. ಟಕೀಲಾಗೆ ಸಾಮಾನ್ಯವಾಗಿ ಹಬೆಯಲ್ಲಿ ಬೇಯಿಸುತ್ತಾರೆ, ಅದಕ್ಕೇ ಅದರಲ್ಲಿ ಬಚ್ಚಲ ಒಲೆ ಇಲ್ಲ. ಬೆಂದ ಗಡ್ಡೆಯ ಚೂರನ್ನು ಬಂದವರಿಗೆ ಕೊಡುತ್ತಾರಂತೆ. ಸುಟ್ಟ ಗೆಣಸಿನ ಹಾಗೆ ಸಿಹಿ, ಕಬ್ಬಿನ ಹಾಗೆ ಅಗಿದು ನಾರು ಉಗಿಯಬೇಕು. ಆಮೇಲೆ ಕುದುರೆ ಎಳೆಯುವ ದುಂಡು ಕಲ್ಲಿನ ಗಾಣ, ಮರದ ತೊಟ್ಟಿಯಲ್ಲಿ ಹುಳಿ ಬರಿಸುವುದು, ಎರಡು ಸಲ ಭಟ್ಟಿ. ಹೆಚ್ಚಿನ ಕಡೆ ತಾಮ್ರದ ಹಂಡೆ. ಸಾಂತಾ ಕತರೀನಾ ಮೀನಾಸ್ ಅನ್ನುವ ಊರಿನಲ್ಲಿ ಇವತ್ತಿಗೂ ಮಣ್ಣಿನ ಮಡಕೆ. ಮೆಸ್ಕಾಲ್ ಅನ್ನುವ ಪದವೂ ಮೆಕ್ಸಿಕೋದ ಹಳೆಯ ನಾವಾತ್ಲ್ ಭಾಷೆಯದು. ಅರ್ಥ, ಬೇಯಿಸಿದ ಕತ್ತಾಳೆ. ಅಷ್ಟೇ.

ಹದ ನೋಡುವ ರೀತಿ ಓದಿದಾಗಲಂತೂ ಅಜ್ಜಿಯೇ ಎದುರಿಗೆ ಬಂದು ಕೂತ ಹಾಗಾಯಿತು. ನಾಲ್ಕು ಹನಿ ಅಂಗೈಗೆ ಹಾಕಿಕೊಂಡು ಉಜ್ಜಿ ಮೂಸುತ್ತಾರೆ. ಖಾರದ ಘಾಟು ಹಾರಿಹೋಗಿ ಬೆಂದ ಗಡ್ಡೆಯ ವಾಸನೆ ಉಳಿಯಬೇಕು. ಅಜ್ಜಿ ಸಂತೆಯಲ್ಲಿ ತುಪ್ಪ ಕೊಳ್ಳುವಾಗ ಮುಂಗೈಗೆ ಹಚ್ಚಿಕೊಂಡು ಮೂಸಿ, ಮಾರುವವಳ ಮುಖವನ್ನೊಮ್ಮೆ ನೋಡಿ, ಏನೂ ಹೇಳದೆ ಮುಂದಿನ ಅಂಗಡಿಗೆ ಹೋಗುತ್ತಿದ್ದದ್ದು ಹೀಗೇ. ಇನ್ನೊಂದು, ಜೊಂಡಿನ ಕೊಳವೆಯಲ್ಲಿ ಮೆಸ್ಕಾಲನ್ನು ಬಾಯಿಯಿಂದ ಎಳೆದು ಒಣಗಿದ ಕಾಯಿಯ ಚಿಪ್ಪಿನ ಬಟ್ಟಲಿಗೆ ಬಿಡುವುದು. ಮೇಲೆ ಮುತ್ತಿನಂಥ ಗುಳ್ಳೆಗಳು ಎದ್ದು ಸ್ವಲ್ಪ ಹೊತ್ತು ನಿಂತರೆ ಹದ ಸರಿ ಇದೆ ಅಂತ. ಮೀಟರ್ ಇಟ್ಟುಕೊಂಡವರೂ ಗುಳ್ಳೆಯನ್ನು ಬಿಟ್ಟಿಲ್ಲವಂತೆ.

ನನ್ನ ದೊಡ್ಡ ತಾಪತ್ರಯ ಊಟದ್ದು. ನಾನು ಸಸ್ಯಾಹಾರಿ. ಕುಡಿಯೋದಕ್ಕೆ ಶಾಸ್ತ್ರ ಇಲ್ಲ, ತಿನ್ನೋದಕ್ಕೆ ಮಾತ್ರ ಇದೆಯಾ ಅಂತ ಯಜಮಾನರು ಕೇಳುತ್ತಾರೆ. ಇದೆ. ಮೆಸ್ಕಾಲ್ ಜೊತೆ ಕಿತ್ತಳೆ ಹೋಳು ಕೊಡುತ್ತಾರೆ, ಒಳ್ಳೆಯದು. ಅದರ ಮೇಲೆ ಕೆಂಪಗೆ ಖಾರದ ಉಪ್ಪು ಉದುರಿಸಿರುತ್ತಾರೆ, ನಾವು ಮಾವಿನಕಾಯಿಗೆ ಹಾಕಿದ ಹಾಗೆ. ನೋಡಿದರೆ ಬಾಯಲ್ಲಿ ನೀರು ಬರುತ್ತದೆ. ಆ ಉಪ್ಪಿನಲ್ಲಿ ಮೆಣಸಿನಕಾಯಿಯ ಜೊತೆಗೆ ಕತ್ತಾಳೆಯಲ್ಲಿ ಸಿಗುವ ಹುಳುವನ್ನು ಹುರಿದು ಪುಡಿ ಮಾಡಿ ಸೇರಿಸಿರುತ್ತಾರೆ! ಹೆಸರೇ ಹುಳುವಿನ ಉಪ್ಪು, ಅವರು ಮುಚ್ಚಿಡುವುದೇನೂ ಇಲ್ಲ. ಸರಿ, ಉಪ್ಪು ಬೇಡ ಅನ್ನಬಹುದು. ಆದರೆ ಮೆಸ್ಕಾಲ್ ಒಳಗೇ? ಪೆಚುಗಾ ಅಂತ ಒಂದು ಬಗೆ ಇದೆ. ಹಬ್ಬ, ಮದುವೆಗೆ ಮಾಡುವುದು. ಭಟ್ಟಿ ಇಳಿಸುವಾಗ ಹಣ್ಣು, ಮಸಾಲೆ ಹಾಕಿ, ಪಾತ್ರೆಯೊಳಗೆ ಒಂದು ಹಸಿ ಕೋಳಿಯ ಎದೆಭಾಗವನ್ನು ನೇತುಹಾಕುತ್ತಾರೆ. ಹಬೆ ಅದನ್ನು ಸವರಿಕೊಂಡು ಹೋಗುತ್ತದೆ. ಕೋಳಿ ಲೋಟಕ್ಕೆ ಬರಲ್ಲ, ಅದರ ಹಬೆ ಬರುತ್ತದೆ. ಇದು ಮಾಂಸಾಹಾರವೋ ಅಲ್ಲವೋ? ನಮ್ಮ ಮನೆಯಲ್ಲಿ ಒಂದು ಭಾನುವಾರ ಪೂರ್ತಿ ಇದೇ ಚರ್ಚೆ. ಯಜಮಾನರು ಎಲ್ಲ ತಿನ್ನುವವರು, ಅವರ ವಾದ ನಂಬುವ ಹಾಗಿಲ್ಲ. ಕೊನೆಗೆ ನನ್ನ ಪಾಲಿನ 15 ಮಿಲಿ ಪೆಚುಗಾ ಅವರಿಗೆ, ಅವರ ಕಿತ್ತಳೆ ನನಗೆ ಅಂತ ತೀರ್ಮಾನವಾಯಿತು. ಅವರ ಲೆಕ್ಕ 105ಕ್ಕೆ ಏರಿತು, ಎಕ್ಸೆಲ್ ಶೀಟಿನಲ್ಲಿ ತಿದ್ದಿದರು.

ಹೋಗುವ ಮೊದಲು ಹೊಟ್ಟೆಗೆ ಹಾಕಿಕೊಳ್ಳಲು ತ್ಲಾಯೂದಾ ಇದೆ. ಹಪ್ಪಳದ ಹಾಗೆ ಗರಿಗರಿಯಾದ, ತಟ್ಟೆಗಿಂತ ದೊಡ್ಡ ಮುಸುಕಿನ ಜೋಳದ ರೊಟ್ಟಿ. ಅದಕ್ಕೆ ಹಂದಿ ಕೊಬ್ಬು ಸವರುತ್ತಾರೆ, ಹಾಗಾಗಿ "ಸಿನ್ ಆಸಿಯೆಂತೊ" ಅನ್ನುವುದನ್ನು ಬಾಯಿಪಾಠ ಮಾಡಿದ್ದೇನೆ. ನನ್ನ ಸ್ಪ್ಯಾನಿಷ್ ಸದ್ಯಕ್ಕೆ ಅಷ್ಟೇ, ಕೊಬ್ಬು ಬೇಡ ಅನ್ನುವಷ್ಟು.

ಕುಡಿಯುವ ಕ್ರಮವೂ ಇದೆ. ಮೊದಲು ಎಸ್ಪದೀನ್, ಹೊಲದಲ್ಲಿ ನೆಟ್ಟು ಬೆಳೆಸುವ ಮಾಮೂಲಿ ಜಾತಿ, ಆರೆಂಟು ವರ್ಷಕ್ಕೆ ಬಲಿಯುತ್ತದೆ. ಆಮೇಲೆ ಕಾಡು ಜಾತಿಗಳು. ತೊಬಲಾ ಅನ್ನುವುದು ಪುಟ್ಟ ಗಿಡ, ಹತ್ತು ಹದಿನೈದು ವರ್ಷ. ಕೊನೆಗೆ ತೆಪೆಸ್ತಾತೆ, ಬಂಡೆಯ ಸಂದಿಯಲ್ಲಿ ಬೆಳೆಯುವುದು, 25 ವರ್ಷ. ನನಗೆ ಇಲ್ಲಿ ಸ್ವಲ್ಪ ಕಸಿವಿಸಿ. ನಾನು ಎಸ್ಸೆಸ್ಸೆಲ್ಸಿ ಬರೆದ ವರ್ಷ ಮೊಳೆತ ಗಿಡ ಅದು. ಕತ್ತಾಳೆ ಜನ್ಮಕ್ಕೊಂದೇ ಸಲ ಹೂ ಬಿಡುವುದು. ನಡುವಿನಿಂದ ಕಂಬದಂಥ ದಿಂಡು ಎದ್ದು, ರಾತ್ರಿ ಬಾವಲಿಗಳು ಬಂದು, ಬೀಜವಾಗಿ, ಗಿಡ ಸಾಯುತ್ತದೆ. ಮೆಸ್ಕಾಲಿಗಾದರೆ ಅದೂ ಇಲ್ಲ. ದಿಂಡು ಎದ್ದರೆ ಸಿಹಿಯೆಲ್ಲ ಹೂವಿಗೆ ಹೋಗುತ್ತದೆ ಅಂತ ಮೊದಲೇ ಕತ್ತರಿಸುತ್ತಾರೆ. ಮೆಸ್ಕಾಲಿಗೆ ಹೊರಗಿನಿಂದ ಬೇಡಿಕೆ ಜಾಸ್ತಿಯಾದಂತೆ ಕಾಡಿನ ಗಿಡ ಕಮ್ಮಿಯಾಗುತ್ತಿದೆ, ಕೆಲವರು ಬೀಜಕ್ಕೆ ಅಂತ ಒಂದಷ್ಟು ಗಿಡ ಬಿಟ್ಟು ಸಸಿ ಮಾಡುತ್ತಿದ್ದಾರೆ. 25 ವರ್ಷ ಬಂಡೆ ಮೇಲೆ ಕೂತದ್ದನ್ನು ನಾನು 15 ಮಿಲಿಯಲ್ಲಿ ಮುಗಿಸಬೇಕಾ? ಆದರೂ ಕುಡಿಯುತ್ತೇನೆ. ಬೇಡ ಅಂತ ಬರೆದು ಆಮೇಲೆ ಅಳಿಸಿದೆ. ಒಂದೇ ಗುಟುಕಿಗೆ ಎತ್ತದಿದ್ದರಾಯಿತು, ಹೇಗಿದ್ದರೂ ಮೆಸ್ಕಾಲನ್ನು ಮುತ್ತಿಟ್ಟ ಹಾಗೆ ತುಟಿಗೆ ತಾಗಿಸಿ ಕುಡಿಯಬೇಕು ಅಂತ ಅಲ್ಲಿನವರೇ ಹೇಳುತ್ತಾರೆ.

ನಮ್ಮ ಕತ್ತಾಳೆ ಮೂಲವೂ ಆ ಕಡೆಯದೇ. ಮೆಣಸಿನಕಾಯಿ, ಮುಸುಕಿನ ಜೋಳ, ಟೊಮೇಟೊ ಎಲ್ಲ ಅಲ್ಲಿಂದ ಬಂದು ಸೀದಾ ಅಡುಗೆಮನೆಗೆ ಹೋದವು. ಇದು ಬೇಲಿಯಲ್ಲೇ ನಿಂತಿತು. ಪೂರ್ತಿ ಹಾಗೂ ಅಲ್ಲ. ಪಕ್ಕದ ಆಂಧ್ರದ ಚಿತ್ತೂರು ಜಿಲ್ಲೆಯಲ್ಲಿ ದಖ್ಖನ್ನಿನ ಕತ್ತಾಳೆಯಿಂದಲೇ ಡೆಸ್ಮಂಡ್‌ಜಿ ಅನ್ನುವ ಹೆಸರಿನಲ್ಲಿ ಮದ್ಯ ಮಾಡುತ್ತಾರೆ, 2011ರಿಂದ ಮಾರುತ್ತಿದ್ದಾರೆ. ಅದಕ್ಕೆ ಮೆಸ್ಕಾಲ್ ಅನ್ನುವ ಹಾಗಿಲ್ಲ. ಆ ಹೆಸರನ್ನು 1994ರಲ್ಲಿ ಮೆಕ್ಸಿಕೋ ತನ್ನ ಕೆಲವು ರಾಜ್ಯಗಳಿಗೆ ಮೀಸಲು ಮಾಡಿಕೊಂಡಿದೆ, ನಂಜನಗೂಡು ರಸಬಾಳೆಗೆ ಇರುವ ಹಾಗೆ. ನಾನಂತೂ ಇದನ್ನು ಅಮ್ಮನಿಗೆ ಹೇಳಿಲ್ಲ. ಹೇಳಿದರೆ ಅಪ್ಪನಿಗೆ ಗೊತ್ತಾಗುತ್ತದೆ, ಅಪ್ಪ ಬೇಲಿಯನ್ನೊಮ್ಮೆ ಬೇರೆ ಕಣ್ಣಿನಿಂದ ನೋಡುತ್ತಾರೆ.

ಇನ್ನುಳಿದಿದ್ದು ಚಿಲ್ಲರೆ ಕೆಲಸ. ಭಾನುವಾರ ಹೋಗುವುದು, ದಾರಿಯಲ್ಲಿ ತ್ಲಾಕೊಲೂಲಾ ಸಂತೆ ಅವತ್ತೇ. ಸೆಂಟು ಹಾಕಿಕೊಳ್ಳಬಾರದು, ಬೇರೆಯವರ ಮೂಗಿಗೂ ತೊಂದರೆ. ತರುವಾಗ ತಲೆಗೆ ಒಂದು ಲೀಟರ್ ಸುಂಕವಿಲ್ಲ, ಬಾಟಲಿ ಸುತ್ತಲು ಯಜಮಾನರ ಎರಡು ಹಳೇ ಪಂಚೆ.

ಮೊನ್ನೆ ರಾತ್ರಿ ಕೂತು ಬುಕಿಂಗ್ ಫಾರಂ ತುಂಬಿದೆವು. ಹೆಸರು, ಎಷ್ಟು ಜನ, ಎಲ್ಲಿಂದ ಹತ್ತಿಸಿಕೊಳ್ಳಬೇಕು, ಊಟದಲ್ಲಿ ಏನು ಆಗಲ್ಲ. ಹುಳು ಮತ್ತು ಕೋಳಿ ಅಂತ ಬರೆದೆ. ಕೊನೆಯ ಕಾಲಂ, ಅಲರ್ಜಿ ಏನಾದರೂ ಇದೆಯಾ? ಇಲ್ಲ ಅಂತ ಒತ್ತಲು ಹೋದವಳು ಮೊಣಕೈ ನೋಡಿಕೊಂಡು ನಿಂತೆ. ಸುಳ್ಳು ಹೇಳುವುದು ಯಾಕೆ? "ಹಸಿ ಕತ್ತಾಳೆ. ಮುಟ್ಟಿದರೆ ದದ್ದು ಏಳುತ್ತದೆ" ಅಂತ ಇಂಗ್ಲಿಷಿನಲ್ಲಿ ಬರೆದು ಕಳಿಸಿಯೇಬಿಟ್ಟೆ. ಯಜಮಾನರು ಹಣೆ ಚಚ್ಚಿಕೊಂಡರು.

ಬೆಳಗ್ಗೆ ಗೈಡಿನಿಂದ ಉತ್ತರ ಬಂದಿತ್ತು. "ನಾವು ನಾಲ್ಕು ದಿನ ಬೇಯಿಸುತ್ತೇವೆ. ಸಾಕಾ?"

ಸಾಕು ಅಂತ ಬರೆದು ಮುಂಗಡ ಕಟ್ಟಿದೆವು.