ಮೇಕೆ ಟಿಕೆಟ್ ತಿಂದ ಕಥೆಗೂ ನೀತಿ ಬೇಕಂತೆ

ನಿನ್ನೆ ರಾತ್ರಿ ದಾವಣಗೆರೆಯಿಂದ ಬಂದೆ. ಮೂರು ಗಂಟೆ ಬಸ್ಸಿನಲ್ಲಿ ಕಿಟಕಿ ಪಕ್ಕ ಕುಳಿತು ಗಾಳಿ ಕುಡಿದರೂ ಸಿಟ್ಟು ಇಳಿಯಲಿಲ್ಲ. ಬರೆದೇ ಇಳಿಸಿಕೊಳ್ಳಬೇಕು. ಉದ್ದವಾಗುತ್ತದೆ, ಬಿಡುವಿದ್ದಾಗ ಓದಿ.

ಅಕ್ಕನ ಮಗಳು ನಿಮ್ಮಲ್ಲಿ ಹಲವರಿಗೆ ಗೊತ್ತು, ಮಾತಿಗೆ ಮುಂಚೆ ನಗುವ ಹುಡುಗಿ. ಈ ಜೂನ್‌ಗೆ ಏಳನೇ ತರಗತಿ. ಶನಿವಾರ ರಾತ್ರಿ ಊಟವಾದ ಮೇಲೆ ಸ್ಟಿಕ್ ಫೈಲ್, ಸ್ಕೆಚ್ ಪೆನ್ನು, ಅಂಟು, ಕತ್ತರಿ ಎಲ್ಲವನ್ನೂ ಮೇಜಿನ ತುಂಬ ಹರಡಿಕೊಂಡು ಮುಖ ಸಪ್ಪೆ ಮಾಡಿಕೊಂಡು ಕುಳಿತಿದ್ದಳು. ಶಾಲೆ ತೆರೆಯಲು ನಾಲ್ಕೇ ದಿನ ಉಳಿದಿತ್ತು. ರಜೆಯಲ್ಲಿ ಹತ್ತು ಪುಸ್ತಕ ಓದಿ ವರದಿ ಬರೆದುಕೊಂಡು ಬರಬೇಕೆಂದು ಶಾಲೆಯವರು ಹೇಳಿದ್ದಾರೆ. ಒಂಬತ್ತು ಪುಸ್ತಕಗಳ ಹೆಸರನ್ನು ಅವರೇ ಕೊಟ್ಟಿದ್ದಾರೆ, ಅಷ್ಟೂ ಇಂಗ್ಲಿಷ್. ಹತ್ತನೆಯದು ಮಾತ್ರ ಮಗುವಿನ ಇಷ್ಟದ್ದು. ಪುಸ್ತಕಕ್ಕೊಂದರಂತೆ ಅಚ್ಚು ಹಾಕಿದ ಹಾಳೆ ಕೊಟ್ಟಿದ್ದಾರೆ. ಪುಸ್ತಕದ ಹೆಸರು, ಲೇಖಕರು, ಮುಖ್ಯ ಪಾತ್ರಗಳು, ಐದು ಹೊಸ ಪದಗಳು ಮತ್ತು ಅರ್ಥ, ಮುಖಪುಟದ ಚಿತ್ರ, ಕಥೆಯ ನೀತಿ, ಕೊನೆಗೆ ಪೋಷಕರ ಸಹಿ.

ಒಂಬತ್ತು ಹಾಳೆಗಳು ತುಂಬಿದ್ದವು. ಭಾವ ಸೈಬರ್ ಸೆಂಟರಿಗೆ ಹೋಗಿ ಕಥೆಯ ಸಾರಾಂಶಗಳನ್ನು ಪ್ರಿಂಟ್ ಹಾಕಿಸಿ ತಂದಿದ್ದರು, ಅವಳು ನೋಡಿ ನಕಲು ಮಾಡಿದ್ದಳು. ಆ ಒಂಬತ್ತರಲ್ಲಿ ಒಂದನ್ನೂ ಅವಳು ಕೈಯಲ್ಲಿ ಹಿಡಿದಿಲ್ಲ. ಮನೆಯಲ್ಲಿ ಒಂದೂ ಇಲ್ಲ, ಶಾಲೆಯವರು ಒಂದನ್ನೂ ಕೊಟ್ಟಿಲ್ಲ. ಅವಳು ನಿಜವಾಗಿ ಓದಿದ್ದು ಹತ್ತನೆಯದನ್ನು. ದಿನವೂ ಬಸ್ಸು ಹತ್ತುವ ಒಂದು ಮೇಕೆ ಮತ್ತು ಆ ಬಸ್ಸಿನ ಕಂಡಕ್ಟರನ ಕಥೆ, ಕನ್ನಡದ್ದು. ಬೇಸತ್ತ ಕಂಡಕ್ಟರ್ ಒಂದು ದಿನ ಮೇಕೆಗೂ ಟಿಕೆಟ್ ಹರಿದು ಕೊಡುತ್ತಾನೆ, ಮೇಕೆ ಅದನ್ನು ತಿಂದುಬಿಡುತ್ತದೆ, ಅಷ್ಟರಲ್ಲಿ ತಪಾಸಣೆಯವರು ಬಸ್ಸು ಹತ್ತುತ್ತಾರೆ. ಇಷ್ಟು ಹೇಳುವುದರೊಳಗೆ ಹುಡುಗಿ ನಗು ತಡೆಯಲಾರದೆ ಎರಡು ಸಲ ನಿಲ್ಲಿಸಿದಳು. ಪುಸ್ತಕದ ಆ ಪುಟದ ಮೂಲೆ ಮಡಿಸಿ ಮಡಿಸಿ ಬಟ್ಟೆಯ ಹಾಗೆ ಮೆತ್ತಗಾಗಿತ್ತು.

ಆಮೇಲೆ ಕೇಳಿದಳು: "ಚಿಕ್ಕಮ್ಮ, ಇದಕ್ಕೆ ನೀತಿ ಏನು ಬರೆಯಲಿ?"

ನೀತಿ ಇಲ್ಲ, ಖಾಲಿ ಬಿಡು ಎಂದೆ. "ಖಾಲಿ ಬಿಟ್ಟರೆ ಎರಡು ಅಂಕ ಕಡಿಮೆಯಾಗುತ್ತದೆ" ಎಂದಳು. ಸ್ವಲ್ಪ ಹೊತ್ತು ಪೆನ್ನಿನ ತುದಿ ಕಚ್ಚಿ, "ಪ್ರಾಣಿಗಳನ್ನು ಪ್ರೀತಿಸಬೇಕು" ಎಂದು ದುಂಡಗೆ ಬರೆದು ಫೈಲು ಮುಚ್ಚಿದಳು. ಅಷ್ಟು ಹೊತ್ತು ಮುಖದಲ್ಲಿದ್ದ ನಗು ಆ ಒಂದು ಸಾಲು ಬರೆಯುವಷ್ಟರಲ್ಲಿ ಆರಿಹೋಯಿತು. ನನಗೆ ಸಿಟ್ಟು ಬಂದದ್ದು ಆಗ.

ಯಾರಿಗೆ ಬೇಕು ಈ ನೀತಿ? ಮಕ್ಕಳು ಕಥೆ ಕೇಳುವಾಗ ಬಾಯಲ್ಲಿ ಬರುವ ಪ್ರಶ್ನೆ ಒಂದೇ: ಆಮೇಲೆ? ಕಾಗಕ್ಕ ಗುಬ್ಬಕ್ಕನ ಕಥೆ ಕೇಳಿ ಬೆಳೆದವರು ನಾವು. ಮಳೆ ಬಂದು ಕಾಗಕ್ಕನ ಸಗಣಿ ಮನೆ ಕೊಚ್ಚಿಹೋಯಿತು ಎಂದರೆ ಆಮೇಲೆ ಎನ್ನುತ್ತಿದ್ದೆವು, ಗುಬ್ಬಕ್ಕ ಬಾಗಿಲು ತೆಗೆಯಲಿಲ್ಲ ಎಂದರೆ ಮತ್ತೆ ಆಮೇಲೆ ಎನ್ನುತ್ತಿದ್ದೆವು. ನಮ್ಮ ಅಜ್ಜಿ ಆ ಕಥೆಯನ್ನು ನೂರು ಸಲ ಹೇಳಿರಬಹುದು, ಒಮ್ಮೆಯೂ ಇದರಿಂದ ಏನು ಕಲಿತೆ ಎಂದು ಕೇಳಲಿಲ್ಲ. ಕೇಳಿದ್ದರೆ ಮರುದಿನ ರಾತ್ರಿ ನಾವು ಯಾರೂ ಅವರ ಹಾಸಿಗೆಯ ಹತ್ತಿರ ಸುಳಿಯುತ್ತಿರಲಿಲ್ಲ.

ಬೇಸಿಗೆ ರಜೆ, ಓದು ಎಂದರೆ ನನಗೆ ಈಗಲೂ ತೀರ್ಥಹಳ್ಳಿ ಹತ್ತಿರದ ಆ ಅಂಗಳವೇ ಕಣ್ಣಿಗೆ ಕಟ್ಟುತ್ತದೆ. ಹಲಸಿನ ಹಪ್ಪಳವನ್ನು ಚಾಪೆಯ ಮೇಲೆ ಒಣಹಾಕಿ, ಕಾಗೆ ಕಾಯಲು ನನ್ನನ್ನು ಕೂರಿಸುತ್ತಿದ್ದರು. ಕೈಯಲ್ಲಿ ಒಂದು ಉದ್ದ ಕೋಲು, ತೊಡೆಯ ಮೇಲೆ ಅಜ್ಜಿಯ ಕಟ್ಟು. ವಾರಪತ್ರಿಕೆಗಳಲ್ಲಿ ಬರುತ್ತಿದ್ದ ಧಾರಾವಾಹಿಗಳ ಹಾಳೆಗಳನ್ನು ಅಜ್ಜಿ ಕತ್ತರಿಸಿ, ಕಂತಿನ ಪ್ರಕಾರ ಜೋಡಿಸಿ, ಗೋಣಿ ಹೊಲಿಯುವ ದಬ್ಬಣದಿಂದ ತೂತು ಮಾಡಿ ದಾರ ಪೋಣಿಸಿ ಪುಸ್ತಕ ಮಾಡುತ್ತಿದ್ದರು. ಹೊರಗೆ ಹಳೆಯ ಕ್ಯಾಲೆಂಡರಿನ ರಟ್ಟು. ಅಂಥ ಕಟ್ಟುಗಳು ಅಟ್ಟದ ಟ್ರಂಕಿನಲ್ಲಿ ಇಪ್ಪತ್ತಕ್ಕೂ ಹೆಚ್ಚಿದ್ದವು. ಅವು ದೊಡ್ಡವರ ಕಥೆಗಳು, ಅರ್ಧಕ್ಕರ್ಧ ನನಗೆ ತಿಳಿಯುತ್ತಿರಲಿಲ್ಲ. ಒಂದು ಕಟ್ಟಿನಲ್ಲಿ ಹದಿನಾಲ್ಕನೆಯ ಕಂತೇ ಇರಲಿಲ್ಲ. ಆ ವಾರ ಪತ್ರಿಕೆ ಊರಿಗೆ ಬಂದಿರಲಿಲ್ಲವೋ, ಯಾರಾದರೂ ಅದರಲ್ಲಿ ಬೆಲ್ಲ ಕಟ್ಟಿಕೊಂಡು ಹೋಗಿದ್ದರೋ. ಹದಿಮೂರರಲ್ಲಿ ನಾಯಕಿ ರೈಲು ಹತ್ತುತ್ತಾಳೆ, ಹದಿನೈದರಲ್ಲಿ ಅವಳ ಕೈಯಲ್ಲಿ ಒಂದು ಮಗುವಿದೆ. ಆ ಮಗು ಎಲ್ಲಿಂದ ಬಂತು ಎಂದು ಯೋಚಿಸುತ್ತಾ ಕುಳಿತಿದ್ದಾಗ ಕಾಗೆ ಹಪ್ಪಳ ಎತ್ತಿಕೊಂಡು ಹೋಗಿ ನನಗೆ ಬೈಗುಳ ಬಿದ್ದದ್ದುಂಟು. ಆ ರಜೆಯಿಡೀ ಒಂದೊಂದು ದಿನ ಒಂದೊಂದು ಬಗೆಯಲ್ಲಿ ಆ ಕಂತನ್ನು ಮನಸ್ಸಿನಲ್ಲೇ ಬರೆದೆ. ನಾನು ಇವತ್ತು ಪಾಠ ಮಾಡುವವಳಾಗಿದ್ದರೆ ಅದಕ್ಕೆ ಆ ಇಲ್ಲದ ಕಂತೇ ಕಾರಣ ಎಂದು ಹೃದಯದಿಂದ ನಂಬಿದ್ದೇನೆ.

ಈಗ ಒಂದು ಮಾತು ಹೇಳಲೇಬೇಕು. ಏಳು ವರ್ಷದ ಹಿಂದೆ ಇದೇ ಕೆಲಸವನ್ನು ನಾನೂ ಮಾಡಿದ್ದೇನೆ. ನಮ್ಮ ಶಾಲೆಯಲ್ಲಿ ಆರನೇ ತರಗತಿಯ ಮಕ್ಕಳಿಗೆ ಹತ್ತು ಪುಸ್ತಕ, ಹತ್ತು ವರದಿ ಎಂದು ಹೇಳಿ ಕಳುಹಿಸಿದೆ. ಜೂನ್‌ನಲ್ಲಿ ಫೈಲುಗಳು ಬಂದವು. ಒಬ್ಬ ಹುಡುಗ ಹತ್ತೂ ಕಥೆಗಳಿಗೆ "ಕೆಟ್ಟವರಿಗೆ ಕೆಟ್ಟದ್ದೇ ಆಗುತ್ತದೆ" ಎಂದು ಒಂದೇ ನೀತಿ ಬರೆದಿದ್ದ. ಹತ್ತಕ್ಕೂ ಸರಿ ಗುರುತು ಹಾಕಿದೆ. ಒಬ್ಬಳು ಹುಡುಗಿ ಒಂದೇ ಪುಸ್ತಕದ ಬಗ್ಗೆ ಬರೆದು ತಂದಿದ್ದಳು, ನಾಲ್ಕು ಪುಟ. ಕಥೆಯಲ್ಲಿ ಬರುವ ಮುದುಕಿ ತಮ್ಮೂರಿನ ಯಾರ ಹಾಗಿದ್ದಾಳೆ, ಅವಳು ಸತ್ತಾಗ ತಾನು ಯಾಕೆ ಪುಸ್ತಕ ಮುಚ್ಚಿಟ್ಟೆ, ಮತ್ತೆ ಯಾವಾಗ ತೆರೆದೆ, ಎಲ್ಲವನ್ನೂ ಬರೆದಿದ್ದಳು. ಉಳಿದ ಒಂಬತ್ತು ಇಲ್ಲವೆಂದು ನಾನು ಅವಳಿಗೆ ಹತ್ತಕ್ಕೆ ಎರಡು ಅಂಕ ಕೊಟ್ಟೆ. ಅವಳು ಏನೂ ಹೇಳದೆ ಫೈಲು ತೆಗೆದುಕೊಂಡು ಹೋಗಿ ಕುಳಿತಳು. ಆ ವರ್ಷ ಅವಳು ಗ್ರಂಥಾಲಯದ ಅವಧಿಯಲ್ಲಿ ತಾನಾಗಿ ಒಂದು ಪುಸ್ತಕವನ್ನೂ ಕೇಳಲಿಲ್ಲ. ಆ ತರಗತಿಯಲ್ಲಿ ನಿಜವಾಗಿ ಓದಿದ್ದವಳು ಅವಳೊಬ್ಬಳೇ ಇರಬೇಕು, ಅವಳನ್ನೇ ನಾನು ಶಿಕ್ಷಿಸಿದೆ. ಮೊನ್ನೆ ರಾತ್ರಿ ಅಕ್ಕನ ಮಗಳ ಮುಖ ನೋಡಿದಾಗ ಆ ಹುಡುಗಿಯೇ ನೆನಪಾದಳು.

ಇದನ್ನು ಹೇಳಿದರೆ ಅಕ್ಕ ಕೇಳಿದಳು, ನೀವು ಕೂಡ ಕೇಳುತ್ತೀರಿ: ಹೋಂವರ್ಕ್ ಕೊಡದಿದ್ದರೆ ಮಕ್ಕಳು ಓದುತ್ತಾರಾ? ಇಡೀ ದಿನ ಮೊಬೈಲ್ ಹಿಡಿದು ಕೂರುವುದಿಲ್ಲವಾ? ಕೂರುತ್ತಾರೆ, ಒಪ್ಪುತ್ತೇನೆ. ಆದರೆ ಹೋಂವರ್ಕ್ ಕೊಟ್ಟಾಗಲೂ ಅವರು ಮೊಬೈಲನ್ನೇ ಹಿಡಿದಿದ್ದಾರಲ್ಲ, ಸಾರಾಂಶ ಹುಡುಕುವುದಕ್ಕೆ! ಓದಿಸಬೇಕೆಂದು ಕೊಟ್ಟ ಕೆಲಸ ಓದದೆ ಬರೆಯುವುದನ್ನು ಕಲಿಸಿದೆ. ಇನ್ನು, ಬರೆಸದಿದ್ದರೆ ಓದಿದ್ದಾರೋ ಇಲ್ಲವೋ ಎಂದು ತಿಳಿಯುವುದು ಹೇಗೆ ಎಂಬ ಪ್ರಶ್ನೆ. ಮೇಕೆಯ ಕಥೆ ಓದಿದ್ದಾಳೆ ಎಂದು ನನಗೆ ಒಂದು ನಿಮಿಷದಲ್ಲಿ ತಿಳಿಯಿತು. ಹತ್ತಿರ ಕೂತು ಕೇಳಿದರೆ ಸಾಕು, ಓದಿದ ಮಗುವಿನ ಬಾಯಿ ಮುಚ್ಚಿಸುವುದೇ ಕಷ್ಟ.

ಅಮೆರಿಕದ ಫ್ಲಾರಿಡಾದಲ್ಲಿ ಬಡ ಕುಟುಂಬಗಳ ಮಕ್ಕಳು ಹೆಚ್ಚಿರುವ ಶಾಲೆಗಳಲ್ಲಿ ನಡೆದ ಒಂದು ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಸಣ್ಣ ತರಗತಿಯ ಮಕ್ಕಳಿಗೆ ಸತತ ಮೂರು ಬೇಸಿಗೆ, ಪ್ರತಿ ಬೇಸಿಗೆಗೆ 12 ಪುಸ್ತಕ ಕೊಟ್ಟರು. ಆಯ್ದುಕೊಂಡವರು ಮಕ್ಕಳೇ, ಪುಸ್ತಕ ಅವರದೇ ಆಯಿತು. ಪುಸ್ತಕ ಸಿಗದ ಮಕ್ಕಳಿಗಿಂತ ಅವರು ಓದಿನಲ್ಲಿ ಮುಂದಿದ್ದರು. ಅಲ್ಲಿ ಮೊದಲು ನಡೆದದ್ದು ಪುಸ್ತಕ ಮಗುವಿನ ಕೈಗೆ ಸೇರಿದ್ದು. ನಾವು ಕೊಡುವುದು ಪಟ್ಟಿ. ಆಮೇಲೆ ಕೇಳುವುದು ಲೆಕ್ಕ. ನಡುವೆ ಇರಬೇಕಾದ ಪುಸ್ತಕವನ್ನೇ ಮರೆತಿದ್ದೇವೆ.

ಪುಸ್ತಕ ಎಲ್ಲಿಂದ ತರುವುದು ಎನ್ನಬೇಡಿ. ಪ್ರತಿ ಶಾಲೆಯಲ್ಲೂ ಗ್ರಂಥಾಲಯ ಇರಬೇಕು, ಅದರಲ್ಲಿ ಕಥೆ ಪುಸ್ತಕಗಳೂ ಇರಬೇಕು ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲೇ ಬರೆದಿದೆ. ರಜೆಗೆ ಮುಂಚೆ ಆ ಬೀರು ತೆಗೆದು, ತಲಾ ಎರಡು ಪುಸ್ತಕ ಕೊಟ್ಟು ಕಳುಹಿಸುವುದಕ್ಕೆ ಏನು ಕಷ್ಟ? ಕಳೆದರೆ ಎಂಬ ಹೆದರಿಕೆ. ಕಳೆಯಲಿ. ಬೀರುವಿನೊಳಗೆ ಗೆದ್ದಲು ತಿಂದರೆ ಯಾರಿಗೂ ಸಂಕಟವಿಲ್ಲ, ಮಗು ಕಳೆದರೆ ಮಾತ್ರ ದಂಡ. ಪಟ್ಟಣಗಳಲ್ಲಿ ಆಸ್ತಿ ತೆರಿಗೆ ಕಟ್ಟುವವರು ಅದರ ಮೇಲೆ ಶೇ 6ರಷ್ಟು ಗ್ರಂಥಾಲಯ ಕರವನ್ನೂ ಕಟ್ಟುತ್ತಾರೆ. ಅಕ್ಕನ ಮನೆಯ ರಸೀದಿಯಲ್ಲೂ ಅದಿದೆ, ಭಾವನಿಗೆ ತೋರಿಸಿ ಬಂದೆ. ಹದಿನೈದು ವರ್ಷದಿಂದ ಕಟ್ಟುತ್ತಿದ್ದಾರೆ, ಒಮ್ಮೆಯೂ ಮಗಳ ಕೈ ಹಿಡಿದು ಗ್ರಂಥಾಲಯದ ಮೆಟ್ಟಿಲು ಹತ್ತಿಲ್ಲ.

ಹಳ್ಳಿಯ ಕಡೆ ಇದಕ್ಕಿಂತ ಚೆನ್ನಾಗಿರುವುದನ್ನು ನೋಡಿದ್ದೇನೆ. 2020ರ ನವೆಂಬರಿನಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಮಕ್ಕಳಿಗೆ ಉಚಿತವಾಗಿ ಸದಸ್ಯತ್ವ ಕೊಟ್ಟವು. ನಮ್ಮ ಪಂಚಾಯಿತಿಯದು ಒಂದೇ ಕೋಣೆ. ಈ ಏಪ್ರಿಲ್‌ನಲ್ಲಿ ಒಂದು ಮಧ್ಯಾಹ್ನ ಹೋದಾಗ ಚಾಪೆಯ ಮೇಲೆ ಏಳೆಂಟು ಮಕ್ಕಳಿದ್ದರು. ಒಬ್ಬ ಹುಡುಗ ಗೋಡೆಗೆ ಕಾಲು ಮೇಲೆತ್ತಿ ಮಲಗಿ, ಪುಸ್ತಕವನ್ನು ಮುಖದ ಮೇಲೆ ಹಿಡಿದು ಓದುತ್ತಿದ್ದ. ನಾನು ಒಳಗೆ ಬಂದದ್ದು ಅವನಿಗೆ ಗೊತ್ತಾಗಲಿಲ್ಲ. ಸರಿಯಾಗಿ ಕೂರು ಎಂದು ಗದರಿಸುವ ಅಭ್ಯಾಸ ನನ್ನ ನಾಲಿಗೆಯ ತುದಿಯವರೆಗೆ ಬಂತು. ಮೇಲ್ವಿಚಾರಕಿ ಮೆಲ್ಲಗೆ ಕೈಸನ್ನೆ ಮಾಡಿ ನನ್ನನ್ನು ತಡೆದರು. ಆಮೇಲೆ ಹೊರಗೆ ಬಂದು ಹೇಳಿದರು: "ಮೇಡಂ, ಅವನು ಮೂರು ದಿನ ಬರೀ ಚಿತ್ರ ನೋಡಿದ. ಇವತ್ತು ಓದುತ್ತಿದ್ದಾನೆ." ಆ ಹೆಣ್ಣುಮಗಳಿಗೆ ಅವತ್ತು ಮನಸ್ಸಿನಲ್ಲೇ ಕೈ ಮುಗಿದೆ. ಇಷ್ಟೆಲ್ಲ ವರ್ಷ ಪಾಠ ಮಾಡಿದ ನನಗೆ ಮೂರು ದಿನ ಸುಮ್ಮನಿರುವ ಆ ತಾಳ್ಮೆ ಇರಲಿಲ್ಲ.

ನಮ್ಮ ದೇಶದಲ್ಲಿ ಗ್ರಂಥಾಲಯ ವಿಜ್ಞಾನಕ್ಕೆ ತಳಪಾಯ ಹಾಕಿದ ಎಸ್. ಆರ್. ರಂಗನಾಥನ್ ಅವರು 1931ರಲ್ಲೇ ಗ್ರಂಥಾಲಯಕ್ಕೆ ಐದು ಸೂತ್ರ ಹೇಳಿದರು. ಬದುಕಿನ ಕೊನೆಯ ವರ್ಷಗಳನ್ನು ನಮ್ಮ ಬೆಂಗಳೂರಿನಲ್ಲೇ ಕಳೆದವರು ಅವರು. ಆ ಐದು ಸೂತ್ರಗಳಲ್ಲಿ ಎರಡು: ಪ್ರತಿ ಓದುಗನಿಗೂ ಅವನ ಪುಸ್ತಕ, ಪ್ರತಿ ಪುಸ್ತಕಕ್ಕೂ ಅದರ ಓದುಗ. ನಲವತ್ತು ಮಕ್ಕಳಿಗೆ ಒಂದೇ ಒಂಬತ್ತು ಪುಸ್ತಕದ ಪಟ್ಟಿ ಕೊಡುವ ಶಾಲೆಗಳು ಈ ಎರಡು ಸಾಲನ್ನು ಶಿಕ್ಷಕರ ಕೋಣೆಯಲ್ಲಿ ಬರೆದು ಹಾಕಲಿ.

ವಿವರ ಬರೆಯಿಸುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಬರೆಯಬೇಕೆನ್ನಿಸಿದ ಮಗು ಬರೆಯಲಿ, ನಾಲ್ಕು ಪುಟ ಬರೆಯಲಿ. ಚಿತ್ರ ಬಿಡಿಸುವವರು ಬಿಡಿಸಲಿ. ಇಷ್ಟವಾಗದ ಪುಸ್ತಕವನ್ನು ಇಪ್ಪತ್ತನೇ ಪುಟದಲ್ಲಿ ಮುಚ್ಚಿಟ್ಟು ಬೇರೆಯದನ್ನು ತೆಗೆದುಕೊಳ್ಳಲಿ, ಅದಕ್ಕೂ ಅಂಕ ಕತ್ತರಿಸಬೇಡಿ. ಆದರೆ ಆ ನೀತಿಯ ಗೆರೆ, ದಯವಿಟ್ಟು, ಅದನ್ನು ತೆಗೆದುಹಾಕಿ. ಹನ್ನೆರಡು ವರ್ಷದ ಹುಡುಗಿ ನಕ್ಕು ನಕ್ಕು ಸುಸ್ತಾಗಿದ್ದಾಳೆ ಎಂದರೆ ಆ ಪುಸ್ತಕ ತನ್ನ ಕೆಲಸ ಮಾಡಿ ಮುಗಿಸಿದೆ.

ಶಾಲೆ ತೆರೆದ ದಿನ ನನ್ನ ತರಗತಿಯ ಮಕ್ಕಳಲ್ಲಿ ನಾನು ಫೈಲು ಕೇಳುವುದಿಲ್ಲ. ಏಪ್ರಿಲ್‌ನಲ್ಲಿ ಮೂವತ್ತೆರಡು ಮಕ್ಕಳಿಗೆ ಒಂದೊಂದು ಪುಸ್ತಕ ಕೊಟ್ಟು ಕಳುಹಿಸಿದ್ದೇನೆ. ಮೊದಲ ದಿನ ಸುತ್ತ ಕೂತು, ಹೇಳಬೇಕೆನ್ನಿಸಿದವರು ಹೇಳುವುದು, ಉಳಿದವರು ಕೇಳುವುದು. ಆಮೇಲೆ ಪುಸ್ತಕ ಬದಲಾಯಿಸಿಕೊಳ್ಳುವುದು. ಆದರೆ ಬದಲಾಯಿಸಲು ನಮ್ಮಲ್ಲಿ ಪುಸ್ತಕ ಸಾಲದು. ಬೀರುವಿನಲ್ಲಿರುವ ಮಕ್ಕಳ ಪುಸ್ತಕಗಳನ್ನು ಎಣಿಸಿದ್ದೇನೆ, ಒಟ್ಟು ಐವತ್ತೇಳು.

ಹಾಗಾಗಿ ಒಂದು ಕೋರಿಕೆ. ನಿಮ್ಮ ಮಕ್ಕಳು ಬೆಳೆದು, ಮನೆಯಲ್ಲಿ ಸುಮ್ಮನೆ ಬಿದ್ದಿರುವ ಕಥೆ ಪುಸ್ತಕಗಳಿದ್ದರೆ ನನಗೆ ತಿಳಿಸಿ. ಕಡೂರು, ಬೀರೂರು, ತರೀಕೆರೆ ಕಡೆಯವರಾದರೆ ನಾನೇ ಬಂದು ತೆಗೆದುಕೊಂಡು ಹೋಗುತ್ತೇನೆ. ಹೊರಗಿನ ರಟ್ಟು ಕಿತ್ತುಹೋಗಿದ್ದರೂ, ನಡುವೆ ನಾಲ್ಕು ಹಾಳೆ ಇಲ್ಲದಿದ್ದರೂ ಪರವಾಗಿಲ್ಲ. ಅಜ್ಜಿಯ ದಬ್ಬಣ ನನ್ನ ಹತ್ತಿರವೇ ಇದೆ, ಹೊಲಿದುಕೊಳ್ಳುತ್ತೇನೆ.