ಎಡಿಸನ್‌ನ ಎಮರ್ಜೆನ್ಸಿ, ಮೈಸೂರಿನ ಅತ್ತೆ

ನಾನಿರುವ ನ್ಯೂಜೆರ್ಸಿಯಲ್ಲಿ ಒಂದು ಒಳ್ಳೆ ವ್ಯವಸ್ಥೆ ಇದೆ. ಮಗು ತನಗೆ ತಾನೇ ಏನಾದರೂ ಮಾಡಿಕೊಂಡುಬಿಟ್ಟರೆ ಅನ್ನುವ ಭಯ ಬಂದಾಗ ಅಪ್ಪ ಅಮ್ಮ ಒಂದು ನಂಬರಿಗೆ ಫೋನ್ ಮಾಡಬಹುದು. ಮಧ್ಯರಾತ್ರಿಯಾದರೂ ಸರಿ. ಒಂದು ಗಂಟೆಯೊಳಗೆ ತರಬೇತಿ ಪಡೆದವರು ಮನೆಗೇ ಬಂದು ಕೂತು ಮಾತಾಡಬೇಕು ಅನ್ನುವುದು ಲೆಕ್ಕ. 21 ವರ್ಷದೊಳಗಿನ ಎಲ್ಲರಿಗೂ ಇದು ಸಿಗುತ್ತದೆ. ಅದೂ ಅಲ್ಲದೆ, 2022ರ ಜುಲೈನಿಂದ ಇಡೀ ಅಮೆರಿಕಕ್ಕೆ 988 ಅನ್ನುವ ಸಹಾಯವಾಣಿ ಇದೆ.

ಮೈಸೂರಿನಲ್ಲಿ ಇದನ್ನು ಹೇಳಿದರೆ ನೆಂಟರು, "ನೀವು ಪುಣ್ಯವಂತರು ಬಿಡಪ್ಪ" ಅನ್ನುತ್ತಾರೆ. ಅರ್ಧ ಒಪ್ಪುತ್ತೇನೆ.

ನ್ಯೂಜೆರ್ಸಿಯದೇ ಎಡಿಸನ್ ಅನ್ನುವ ಊರಿನಲ್ಲಿರುವ ಸ್ನೇಹಿತರೊಬ್ಬರು ಇದೇ ಭಯದಲ್ಲಿ ಹೈಸ್ಕೂಲಿನ ಮಗನನ್ನು ಆಸ್ಪತ್ರೆಯ ಎಮರ್ಜೆನ್ಸಿಗೆ ಕರೆದೊಯ್ಯಬೇಕಾಯಿತು. ಶೂ ಲೇಸು, ಪ್ಯಾಂಟಿನ ಲಾಡಿ ಎಲ್ಲ ತೆಗೆಸಿಟ್ಟುಕೊಂಡರು. ಕಾವಲಿಗೆ ಒಬ್ಬರನ್ನು ಕೂರಿಸಿದರು. ಆಮೇಲೆ, ಮಕ್ಕಳ ಮಾನಸಿಕ ವಾರ್ಡಿನಲ್ಲಿ ಹಾಸಿಗೆ ಖಾಲಿ ಇಲ್ಲ, ಕಾಯಿರಿ ಅಂದರು. ದಿನಗಟ್ಟಲೆ ಕಾದರು. ಅಮೆರಿಕದಲ್ಲಿ ಇದು ಅಪರೂಪವೇನಲ್ಲ. ಮಕ್ಕಳ ಮಾನಸಿಕ ಆರೋಗ್ಯದ ಸ್ಥಿತಿ ರಾಷ್ಟ್ರೀಯ ತುರ್ತುಪರಿಸ್ಥಿತಿ ಅಂತ ಅಲ್ಲಿನ ಮಕ್ಕಳ ವೈದ್ಯರ ಸಂಘಗಳೇ 2021ರಲ್ಲಿ ಹೇಳಿದ್ದವು. ಕೊನೆಗೆ ಹಾಸಿಗೆ ಸಿಕ್ಕಿದ್ದು ಬೇರೆ ಊರಿನಲ್ಲಿ. ಹೆತ್ತವರಿಗೆ ಭೇಟಿಯ ಹೊತ್ತಿನಲ್ಲಿ ಮಾತ್ರ ಒಳಗೆ ಬಿಡುತ್ತಿದ್ದರು. ಮನೆಗೆ ಬಂದ ಮೇಲೆ ಮಕ್ಕಳ ಮನೋವೈದ್ಯರ ಅಪಾಯಿಂಟ್‌ಮೆಂಟಿಗೆ ತಿಂಗಳುಗಟ್ಟಲೆ ಕಾಯುವುದು, ಇನ್ಶೂರೆನ್ಸ್ ಕಂಪನಿಯ ಜೊತೆ ಗುದ್ದಾಡುವುದು. ಇದರ ನಡುವೆ ಅವರು ಕನ್ನಡ ಕೂಟದ ಒಬ್ಬರಿಗೂ ಬಾಯಿಬಿಡಲಿಲ್ಲ. ನನಗೆ ಗೊತ್ತಾಗಿದ್ದೂ ಎಲ್ಲ ಮುಗಿದ ಮೇಲೆ. ಯುಗಾದಿಗೆ ನಾವು ಎಷ್ಟು ಜನ ಸೇರುತ್ತೇವೆ! ಎಷ್ಟು ಒಬ್ಬಟ್ಟು ಬೇಕು ಅಂತ ವಾರ ಮುಂಚೆಯೇ ಲೆಕ್ಕ ಹಾಕುತ್ತೇವೆ. ಆ ಮನೆಗೆ ಮಾತ್ರ ಒಂದು ಡಬ್ಬಿ ಸಾರು ಹೋಗಲಿಲ್ಲ.

ಮೈಸೂರಿನ ಕುವೆಂಪುನಗರದಲ್ಲಿ ನನ್ನ ದೊಡ್ಡಮ್ಮನ ಮೊಮ್ಮಗಳು ಇದ್ದಾಳೆ, ಸೆಕೆಂಡ್ ಪಿಯುಸಿ. ಊಟ ಬಿಟ್ಟಳು, ನಿದ್ದೆ ಬಿಟ್ಟಳು. "ಎಕ್ಸಾಂ ಟೆನ್ಷನ್, ಎಲ್ಲರಿಗೂ ಇರುತ್ತೆ" ಅಂದರು ಒಬ್ಬರು. ದೃಷ್ಟಿ ತೆಗೆಸಿ ಅಂದರು ಇನ್ನೊಬ್ಬರು. ಯಾರೋ ತಾಯತ ತಂದುಕೊಟ್ಟರು. "ನಾಳೆ ಮದುವೆ ಮಾಡಬೇಕಾದ ಹುಡುಗಿ, ಹೊರಗೆಲ್ಲೂ ಹೇಳಬೇಡಿ" ಅಂತ ಅವಳ ತಾತನ ಅಪ್ಪಣೆ. ಇಷ್ಟೆಲ್ಲ ಮಾತಿನ ನಡುವೆ ಅವಳ ಅತ್ತೆ, ಅಂದರೆ ಅಪ್ಪನ ತಂಗಿ, ಸುಮ್ನೆ ಅವಳ ರೂಮಿನಲ್ಲೇ ಚಾಪೆ ಹಾಕಿಕೊಂಡು ಮಲಗತೊಡಗಿದರು. ಒಂದು ರಾತ್ರಿ ನೇರವಾಗಿ ಕೇಳಿಯೇ ಬಿಟ್ಟರು: "ಸಾಯಬೇಕು ಅನ್ಸುತ್ತೇನಮ್ಮ?" ಹುಡುಗಿ ಅತ್ತು ಹೂಂ ಅಂದಳು. ಬೆಳಿಗ್ಗೆ ಆಟೋ ಹತ್ತಿಸಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ಚೀಟಿ ಮಾಡಿಸಿ ಕೂತರು. ಮಧ್ಯಾಹ್ನದೊಳಗೆ ಮನೋವೈದ್ಯರು ನೋಡಿ ಆಯಿತು. ನ್ಯೂಜೆರ್ಸಿಯಲ್ಲಿ ಇದನ್ನು ಹೇಳಿದರೆ ಯಾರೂ ನಂಬುವುದಿಲ್ಲ.

ಹಾಗೆ ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದ ಹಾಗಾಗುತ್ತದೆ ಅಂತ ನಮ್ಮಲ್ಲಿ ಹೆದರುತ್ತಾರೆ. ಹಾಗಾಗುವುದಿಲ್ಲ, ಇದನ್ನು ಸಂಶೋಧಕರು ಬೇಕಾದಷ್ಟು ಸಲ ನೋಡಿದ್ದಾರೆ. ಕೇಳಿದಾಗ ಮಗುವಿಗೆ ಹಗುರವಾಗುವುದೇ ಜಾಸ್ತಿ. ನ್ಯೂಜೆರ್ಸಿಯಲ್ಲಿ ಮನೆಗೆ ಬರುವವರೂ ಮೊದಲು ಕೇಳುವುದು ಇದನ್ನೇ. ಆಮೇಲಿನ ಪ್ರಶ್ನೆ: ಮಾತ್ರೆಗಳು ಎಲ್ಲಿವೆ, ಮನೆಯಲ್ಲಿ ಬಂದೂಕು ಇದೆಯಾ? ಅದು ಅಮೆರಿಕ, ಬಂದೂಕು ಕೇಳುತ್ತಾರೆ. ಮಂಡ್ಯ ಕಡೆ ಕೇಳಬೇಕಾದದ್ದು ಗದ್ದೆಗೆ ಹೊಡೆಯುವ ಔಷಧಿಯನ್ನು. ಮದ್ದೂರಿನ ಹತ್ತಿರದ ನಮ್ಮ ಸೋದರಮಾವನ ಮನೆಯಲ್ಲಿ ಅದು ಕೊಟ್ಟಿಗೆಯ ಗೂಡಿನಲ್ಲಿ, ಯಾರ ಕೈಗಾದರೂ ಎಟುಕುವ ಹಾಗೆ ಇರುತ್ತಿತ್ತು. ಅಜ್ಜಿಯ ಬಿಪಿ ಮಾತ್ರೆ ಟಿವಿ ಮೇಲೆ. ಎರಡನ್ನೂ ಪೆಟ್ಟಿಗೆಗೆ ಹಾಕಿ ಬೀಗ ಜಡಿದು ಬೀಗದ ಕೈ ಒಬ್ಬರೇ ಇಟ್ಟುಕೊಳ್ಳಬೇಕು. ಕಷ್ಟದ ಗಳಿಗೆ ಎಷ್ಟೋ ಸಲ ಸ್ವಲ್ಪ ಹೊತ್ತಿನದು. ಅಷ್ಟು ಹೊತ್ತು ಕೈಗೆ ಏನೂ ಸಿಗದಿದ್ದರೆ ಜೀವ ಉಳಿಯುತ್ತದೆ.

ನ್ಯೂಜೆರ್ಸಿಯ ಹಾಗೆ ಮನೆಗೆ ಬರುವ ತಂಡವನ್ನು ನಮ್ಮ ಸರ್ಕಾರವೂ ಮಾಡಿದರೆ ಸಂತೋಷ. ಆದರೆ ಆ ತಂಡ ಮೊದಲ ಗಂಟೆಯಲ್ಲಿ ಮಾಡುವುದನ್ನು, ಅಂದರೆ ಪಕ್ಕದಲ್ಲಿ ಕೂರುವುದು, ನೇರವಾಗಿ ಕೇಳುವುದು, ಬೀಗ ಹಾಕುವುದು, ಇಷ್ಟನ್ನು ಅತ್ತೆಯೋ ಮಾವನೋ ಮಾಡಬಹುದು. ಏನು ಮಾತಾಡಬೇಕೋ ತೋಚದಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. 2022ರ ಅಕ್ಟೋಬರ್‌ನಲ್ಲಿ ಶುರುವಾಯಿತು. ದಿನವಿಡೀ ಇರುತ್ತದೆ, ಕಾಸಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಪ್ರಾಣಕ್ಕೇ ಕುತ್ತು ಬಂದಿದ್ದರೆ 108ಕ್ಕೆ ಮಾಡಿ. ತಕ್ಷಣ ಬೆಂಗಳೂರಿಗೆ, ನಿಮ್ಹಾನ್ಸ್‌ಗೆ ಓಡಬೇಕು ಅಂತಿಲ್ಲ. ಮೈಸೂರಿನಲ್ಲಿ ಕೆ.ಆರ್. ಆಸ್ಪತ್ರೆ, ಜೆಎಸ್‌ಎಸ್, ಮಂಡ್ಯದಲ್ಲಿ ಮಿಮ್ಸ್, ಎಲ್ಲ ಕಡೆ ಮನೋವೈದ್ಯರ ವಿಭಾಗ ಇದೆ.

ಪೊಲೀಸ್ ಕೇಸ್ ಆಗುತ್ತೆ ಅಂತ ಮಗುವನ್ನು ಆಸ್ಪತ್ರೆಗೆ ಸೇರಿಸದೆ ಮುಚ್ಚಿಡುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. 2017ರ ಮಾನಸಿಕ ಆರೋಗ್ಯ ಕಾಯ್ದೆ, ಸಾಯಲು ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ತಿಳಿಯಬೇಕು, ಶಿಕ್ಷಿಸಬಾರದು ಅನ್ನುತ್ತದೆ. ಆತ್ಮಹತ್ಯೆಯ ಯತ್ನವನ್ನು ಅಪರಾಧ ಅನ್ನುತ್ತಿದ್ದ ಹಳೇ ಐಪಿಸಿಯ 309ನೇ ಕಲಂ 2024ರ ಜುಲೈನಲ್ಲಿ ಬಂದ ಹೊಸ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇಲ್ಲವೇ ಇಲ್ಲ. ಆಸ್ಪತ್ರೆಯವರು ಪೊಲೀಸರಿಗೆ ತಿಳಿಸಬಹುದು, ಒಂದು ಹೇಳಿಕೆ ಬರೆಸಿಕೊಳ್ಳಬಹುದು. ಅಷ್ಟಕ್ಕೆ ಹೆದರಿ ಕೂರುವುದೇ? ಅದೇ 2017ರ ಕಾಯ್ದೆಯಲ್ಲಿ ನನಗೆ ತುಂಬಾ ಹಿಡಿಸಿದ್ದು ಇನ್ನೊಂದು ಮಾತು. ಅಪ್ರಾಪ್ತ ಮಗುವನ್ನು ಅಡ್ಮಿಟ್ ಮಾಡಿದರೆ ದೊಡ್ಡವರಿಂದ ಬೇರೆ ಇಡಬೇಕು, ಇರುವಷ್ಟು ದಿನವೂ ಹೆತ್ತವರೋ ಅವರು ನೇಮಿಸಿದವರೋ ಜೊತೆಗಿರಲೇಬೇಕು. ಎಡಿಸನ್‌ನ ಸ್ನೇಹಿತರಿಗೆ ಇದನ್ನು ಹೇಳಿದಾಗ ಅವರ ಹೆಂಡತಿ ಎದ್ದು ಒಳಗೆ ಹೋದರು.

ನಮ್ಮ ಕಡೆ ಎಡವುವುದು ಆಮೇಲೆ. ಹುಡುಗಿ ಒಂದು ಸಲ ನಕ್ಕರೆ ಸಾಕು, "ಈಗ ಚೆನ್ನಾಗಿದ್ದಾಳಲ್ಲ, ಮಾತ್ರೆ ಯಾಕೆ? ಅಭ್ಯಾಸ ಆಗಿಬಿಡುತ್ತೆ" ಅಂತ ಶುರು. ಡಾಕ್ಟರನ್ನು ಕೇಳದೆ ನಿಲ್ಲಿಸುತ್ತಾರೆ. ಮತ್ತೆ ತೋರಿಸುವ ದಿನ ಯಾರದೋ ಗೃಹಪ್ರವೇಶ ಇರುತ್ತದೆ. ಕುವೆಂಪುನಗರದಲ್ಲಿ ಈಗ ಅದೇ ಜಗ್ಗಾಟ ನಡೆದಿದೆ. ಪರೀಕ್ಷೆ-1 ತಪ್ಪಿತು, ಪರೀಕ್ಷೆ-2 ಆದರೂ ಬರೆಯಲಿ ಅಂತ ತಾತ ಹಟ ಹಿಡಿದಿದ್ದಾರೆ. ಮೊನ್ನೆ ವಿಡಿಯೋ ಕಾಲ್‌ನಲ್ಲಿ ನನ್ನ ಕೈಲೂ ಹೇಳಿಸಲು ನೋಡಿದರು. ಹಿಂದಿನಿಂದ ಅತ್ತೆಯ ದನಿ ಕೇಳಿಸಿತು: "ಡಾಕ್ಟರ್ ಸರಿ ಅನ್ನೋವರೆಗೂ ನಾನು ಫೀಸ್ ಕಟ್ಟಲ್ಲ ಅಣ್ಣ. ನೀನು ಅಲ್ಲಿಂದ ಏನೂ ಹೇಳಬೇಡ."