ರೇಡಿಯೇಟರ್ ಸೋರಿಕೆಗೆ ಅರಿಶಿನ ಪುಡಿ: ಒಂದು ಸ್ಪಷ್ಟನೆ

ಹಳೆಯ ವಿಲ್ಲೀಸ್ ಮತ್ತು ಮಹೀಂದ್ರಾ ಜೀಪುಗಳಲ್ಲಿ ಎಂಜಿನ್ನಿನ ಬಿಸಿನೀರನ್ನು ತಣಿಸುವ ರೇಡಿಯೇಟರ್ ಸೋರಿದರೆ ಒಂದು ಹಿಡಿ ಅರಿಶಿನ ಪುಡಿ ಹಾಕಿದರೆ ಸಾಕು, ಸೋರಿಕೆ ಕಾಯಮ್ಮಾಗಿ ನಿಲ್ಲುತ್ತದೆ, ಅಷ್ಟು ಹಳೆಯ ರೇಡಿಯೇಟರನ್ನು ದುರಸ್ತಿ ಮಾಡಿಸುವುದು ದಂಡ ಎಂಬ ಸಂದೇಶವೊಂದು ಜೀಪ್ ಪ್ರಿಯರ ನಡುವೆ ಹರಿದಾಡುತ್ತಿದೆ. ಅದರ ಎರಡೂ ಮಾತುಗಳು ತಪ್ಪು.

ಪುಡಿಯ ಕಣಗಳು ಸಣ್ಣ ತೂತಿನಲ್ಲಿ ಸಿಲುಕಿ ಸೋರಿಕೆಯನ್ನು ಸ್ವಲ್ಪ ಹೊತ್ತು ತಡೆಯುವುದು ನಿಜ. ಘಟ್ಟದ ನಡುವೆ ಗಾಡಿ ನಿಂತಾಗ ಊರು ಸೇರಲು ಅದು ನೆರವಾಗಬಹುದು. ಆದರೆ ಅದೇ ಪುಡಿ ಕಿರಿದಾದ ಕೊಳವೆಗಳಲ್ಲೂ ಕೂತು ನೀರಿನ ಹರಿವನ್ನು ಕಟ್ಟಿ, ಎಂಜಿನ್ ಅತಿಯಾಗಿ ಬಿಸಿಯಾಗುವಂತೆ ಮಾಡುತ್ತದೆ. ಹೀಗೆ ತಿಂಗಳುಗಟ್ಟಲೆ ಓಡಿದ ಜೀಪೊಂದರ ರೇಡಿಯೇಟರಿನ ಮೇಲಿನ ಟ್ಯಾಂಕ್ ಬಿಚ್ಚಿಸಿದಾಗ, ಕೊಳವೆಗಳ ಬಾಯಿಗೆ ತುಕ್ಕು ಬೆರೆತ ಹಳದಿ ಕೆಸರು ಮೆತ್ತಿಕೊಂಡಿದ್ದನ್ನು ಕಣ್ಣಾರೆ ನೋಡಿದ್ದೇನೆ.

1940ರ ದಶಕದ ಕೊನೆಯಿಂದ ಭಾರತದಲ್ಲಿ ಜೋಡಣೆಯಾದ ಈ ಜೀಪುಗಳ ಮೂಲ ರೇಡಿಯೇಟರ್ ತಾಮ್ರ ಮತ್ತು ಹಿತ್ತಾಳೆಯದು; ಬೆಸುಗೆಯಿಂದ ಕೂಡಿಸಿದ್ದರಿಂದ ಬೆಸುಗೆಯಿಂದಲೇ ಸರಿಹೋಗುತ್ತದೆ. ಅನುಭವಿ ಕೆಲಸಗಾರರು ಅದನ್ನು ಕಳಚಿ, ಬಾಯಿಗಳನ್ನು ಮುಚ್ಚಿ, ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಹಗುರವಾಗಿ ಒಳಗೆ ಗಾಳಿ ಬಿಡುತ್ತಾರೆ. ಗುಳ್ಳೆ ಏಳುವ ಜಾಗವೇ ತೂತು. ಕೊಳವೆಗಳೇ ಸವೆದಿದ್ದರೆ ಹಳೆಯ ಟ್ಯಾಂಕುಗಳನ್ನು ಉಳಿಸಿಕೊಂಡು ನಡುವಿನ ಕೋರ್, ಅಂದರೆ ಕೊಳವೆಗಳಿರುವ ಭಾಗ, ಮಾತ್ರ ಬದಲಿಸಬಹುದು. ಆದರೆ ಹೊಸ ಗಾಡಿಗಳ ಪ್ಲಾಸ್ಟಿಕ್ ಟ್ಯಾಂಕಿನ ಅಲ್ಯೂಮಿನಿಯಂ ರೇಡಿಯೇಟರಿಗೆ ಈ ಬೆಸುಗೆ ಹಿಡಿಯುವುದಿಲ್ಲ. ಸಂದೇಶ ಬರೆದವರು ಈ ವ್ಯತ್ಯಾಸವನ್ನು ಗಮನಿಸಿದಂತಿಲ್ಲ.

ರೇಡಿಯೇಟರ್ ಬಿಚ್ಚುವ ಮೊದಲು ಹೋಸ್, ಕ್ಲಿಪ್ ಮತ್ತು ವಾಟರ್ ಪಂಪನ್ನು ಪರೀಕ್ಷಿಸಿ; ಸೋರಿಕೆ ಅಲ್ಲಿಂದಲೂ ಇರಬಹುದು. ಎಂಜಿನ್ ಪೂರ್ತಿ ತಣಿಯುವವರೆಗೆ ರೇಡಿಯೇಟರಿನ ಮುಚ್ಚಳ ಮುಟ್ಟಬೇಡಿ.